ಟೆಂಡರ್ ಅಣ್ಣುವಿನ ಬಲಗೈ

ಮುಂಬಯಿಯ ಪರೇಲಿನ ನಮ್ಮ ಆಫೀಸಿನ ಹಾಜರಿ ಪುಸ್ತಕದಲ್ಲಿ ಅಣ್ಣುವಿನ ಹುದ್ದೆ ಪ್ಯೂನ್ ಎಂದಿತ್ತು. ಆದರೆ ಅವನು ಚಹಾ ತಂದುಕೊಟ್ಟದ್ದನ್ನಾಗಲಿ, ಫೈಲು ಹೊತ್ತದ್ದನ್ನಾಗಲಿ ನೋಡಿದವರು ಕಡಿಮೆ. ಹೆಚ್ಚಿನ ದಿನಗಳಲ್ಲಿ ಅವನು ಬಾಗಿಲ ಪಕ್ಕದ ಬೆಂಚಿನ ಮೇಲೆ ಮೊಣಕಾಲು ಅಗಲಿಸಿ ಕುಳಿತಿರುತ್ತಿದ್ದ. ಕಂಪನಿಗೆ ಅವನಿಂದ ಬೇಕಾಗಿದ್ದದ್ದು ಒಂದೇ ಕೆಲಸ. ಟೆಂಡರ್ ಹಾಕುವ ದಿನ, ಅರಗಿನ ಮೊಹರು ಹಾಕಿದ ಲಕೋಟೆಯನ್ನು ಸರಕಾರಿ ಕಚೇರಿಗೆ ಒಯ್ದು ಅಲ್ಲಿನ ಪೆಟ್ಟಿಗೆಯೊಳಗೆ ಹಾಕಿ ಬರಬೇಕು.

ಇದೂ ಒಂದು ಕೆಲಸವೇ ಎಂದು ಕಟ್ಟಡದ ಧಂದೆ ಗೊತ್ತಿಲ್ಲದವರಿಗೆ ಅನ್ನಿಸಬಹುದು. ಊರಿನಿಂದ ಡಿಗ್ರಿ ಹಿಡಿದು ಬಂದು ಆ ಕಂಪನಿ ಸೇರಿದಾಗ ನನಗೂ ಹಾಗೇ ಅನ್ನಿಸಿತ್ತು. ಎಂಬತ್ತರ ದಶಕದ ಮುಂಬಯಿಯಲ್ಲಿ ಕೆಲವು ಗುತ್ತಿಗೆದಾರರು ತಮ್ಮೊಳಗೇ ಒಂದು ಕೂಟ ಮಾಡಿಕೊಂಡಿದ್ದರು. ಅದಕ್ಕೆ ರಿಂಗ್ ಎನ್ನುತ್ತಿದ್ದರು. ಯಾವ ಕೆಲಸ ಯಾರಿಗೆ ಎಂದು ಅವರು ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಸರದಿ ಇದ್ದವನು ತನಗೆ ಬೇಕಾದ ದರ ಬರೆಯುವನು. ಉಳಿದವರು ಅದಕ್ಕಿಂತ ಹೆಚ್ಚು ಬರೆದು ಬೇಕೆಂದೇ ಸೋಲುವರು. ಹೊರಗಿನವನೊಬ್ಬ ಕಡಿಮೆ ದರದ ಟೆಂಡರ್ ತಂದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಅದಕ್ಕಾಗಿ ಟೆಂಡರ್ ದಿನ ಕಚೇರಿಯ ಗೇಟಿನಿಂದ ಮೆಟ್ಟಿಲಿನ ತನಕ ರಿಂಗಿನ ಜನ ನಿಂತಿರುತ್ತಿದ್ದರು. ಅವರ ಶರ್ಟಿನೊಳಗೆ ಸೈಕಲ್ ಚೈನು ಇರುತ್ತಿತ್ತು, ಕೈಯಲ್ಲಿ ಸುಮ್ಮನೆ ಹಿಡಿದಂತೆ ಕಬ್ಬಿಣದ ಸಲಾಕೆಯ ತುಂಡು. ಗೇಟಿನ ಹವಾಲ್ದಾರ ಆ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಹೋಗುತ್ತಿದ್ದ.

ನಮ್ಮ ಮಾಲೀಕರು ಕೇಶವಮೂರ್ತಿಯವರು. ಮೈಸೂರು ಕಡೆಯವರು, ಎಂಜಿನಿಯರು. ಒಳ್ಳೆಯ ನೌಕರಿ ಬಿಟ್ಟು ಸ್ವಂತ ಕಂಪನಿ ತೆರೆದಿದ್ದರು. ರಿಂಗು ಅವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಅವರಿಗೆ ಅಣ್ಣು ಬೇಕಾಗಿದ್ದ.

ಅಣ್ಣು ಉಡುಪಿ ಕಡೆಯ ಕಡಲ ಕರೆಯ ಊರಿನವನು. ಚಿಕ್ಕಂದಿನಲ್ಲೇ ಮುಂಬಯಿಗೆ ಬಂದು ಪರೇಲಿನ ಒಂದು ಊಟದ ಹೋಟೆಲಿನಲ್ಲಿ ತಟ್ಟೆ ತೊಳೆದು, ಟೇಬಲ್ ಒರೆಸಿ, ಕೊನೆಗೆ ಬಡಿಸುವವನಾಗಿದ್ದ. ಹೋಟೆಲಿಗೆ ಬರುತ್ತಿದ್ದವರೆಲ್ಲ ಮಿಲ್ ಕೆಲಸಗಾರರು. ಎಂಬತ್ತೆರಡರ ಮುಷ್ಕರದಲ್ಲಿ ಮಿಲ್ಲುಗಳ ಗೇಟು ಮುಚ್ಚಿತು. ಅದರ ಹಿಂದೆಯೇ ಹೋಟೆಲೂ ಮುಚ್ಚಿತು. ಕೇಶವಮೂರ್ತಿಯವರು ಅವನನ್ನು ಆಫೀಸಿಗೆ ಕರೆದುಕೊಂಡರು. ಒಮ್ಮೆ ಟೆಂಡರ್ ಹಾಕಲು ಹೋದ ಗುಮಾಸ್ತನಿಗೆ ಕೊಡೆ ಹಿಡಿಯಲೆಂದು ಅಣ್ಣುವನ್ನು ಜೊತೆಗೆ ಕಳಿಸಿದ್ದರು. ಗೇಟಿನಲ್ಲಿ ಮೊದಲನೆಯ ಏಟು ಬೀಳುತ್ತಲೇ ಗುಮಾಸ್ತ ಲಕೋಟೆಯನ್ನು ಕೆಸರಿಗೆ ಎಸೆದು ಓಡಿದ. ಅಣ್ಣು ಕೊಡೆ ಬಿಸಾಡಿ ಲಕೋಟೆ ಎತ್ತಿಕೊಂಡು, ಬೆಲ್ಟುಗಳ ಏಟಿನ ನಡುವೆ ತಲೆ ತಗ್ಗಿಸಿ ನಡೆದುಹೋಗಿ ಪೆಟ್ಟಿಗೆಗೆ ಹಾಕಿ ಬಂದ. ಅಂದಿನಿಂದ ಅವನು ಟೆಂಡರ್ ಅಣ್ಣು.

ಈ ಕೆಲಸಕ್ಕೆ ಅವನದೇ ಒಂದು ಕ್ರಮವಿತ್ತು. ಲಕೋಟೆಯನ್ನು ಬರಿ ಹೊಟ್ಟೆಯ ಮೇಲಿಟ್ಟು, ಬೈರಾಸು ಎಂಬ ಊರಿನ ಉದ್ದದ ಟವೆಲನ್ನು ಅದರ ಮೇಲೆ ಸುತ್ತಿ, ಹೆಗಲ ಮೇಲಿಂದ ತಂದು, ಗಂಟನ್ನು ಬೆನ್ನಿನ ನಡುವೆ ತನ್ನ ಕೈಗೆ ಎಟುಕದ ಜಾಗದಲ್ಲಿ ಹಾಕಿಸಿಕೊಳ್ಳುತ್ತಿದ್ದ. ಮೇಲೆ ಶರ್ಟು. ತನಗೇ ಬಿಚ್ಚಲು ಬಾರದಿದ್ದರೆ, ಹೆದರಿಕೆಯಾದಾಗ ಕೊಟ್ಟುಬಿಡುವ ಮಾತೇ ಇರುವುದಿಲ್ಲ ಎನ್ನುತ್ತಿದ್ದ. ಗಂಟು ಹಾಕುತ್ತಿದ್ದವರು ಮುದುಕ ಅಕೌಂಟೆಂಟ್ ಶಾಮಣ್ಣನವರು. ಬಿಚ್ಚುವವನು ಪೆಟ್ಟಿಗೆಯ ಪಕ್ಕ ಕುಳಿತ ಸರಕಾರಿ ಗುಮಾಸ್ತ. ಗೇಟಿನೊಳಗೆ ಕಾಲಿಟ್ಟೊಡನೆ ಅಣ್ಣು ಎರಡೂ ತೋಳನ್ನು ಎದೆಯ ಮೇಲೆ ಅಡ್ಡ ಹಾಕಿ, ಬಲಗೈಯಿಂದ ಎಡ ಮೊಣಕೈಯನ್ನು ಬಿಗಿಯಾಗಿ ಹಿಡಿದು ನಡೆಯುತ್ತಿದ್ದ. ಓಡುತ್ತಿರಲಿಲ್ಲ. ತಿರುಗಿ ಹೊಡೆಯುತ್ತಲೂ ಇರಲಿಲ್ಲ. ತಿರುಗಿ ಹೊಡೆಯಲು ನಿಂತವನು ಅಲ್ಲೇ ಉಳಿಯುತ್ತಾನೆ, ನಾನು ಹೋಗಬೇಕಾದ್ದು ಪೆಟ್ಟಿಗೆಗೆ ಎಂಬುದು ಅವನ ಸಮಾಧಾನ. ಆ ವರ್ಷಗಳಲ್ಲಿ ಅವನ ಮುಂದಿನ ಹಲ್ಲು ಹೋಯಿತು, ಕೊರಳೆಲುಬು ಮುರಿದು ಅಂಕುಡೊಂಕಾಗಿ ಕೂಡಿತು, ಎಡಕಿವಿ ಮಂದವಾಯಿತು. ಆದರೆ ಅವನ ಹೊಟ್ಟೆಗೆ ಕಟ್ಟಿದ ಒಂದು ಟೆಂಡರೂ ಪೆಟ್ಟಿಗೆ ತಪ್ಪಲಿಲ್ಲ. ಅದರಲ್ಲಿ ಅವನಿಗೊಂದು ಹೆಮ್ಮೆಯಿತ್ತು. ಬೇರೆ ಯಾವುದರಲ್ಲೂ ಅವನು ಹೆಮ್ಮೆ ಪಟ್ಟುಕೊಂಡದ್ದನ್ನು ನಾನು ಕಾಣೆ.

ಎಂಬತ್ತೆಂಟರಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ನಕ್ಷೆ ಬರೆಯುವವರ ಕೋಣೆಯ ಅರ್ಧಕ್ಕೆ ಗಾಜಿನ ಗೋಡೆ ಹಾಕಿ, ಏಸಿ ಕೂರಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ಹಾಕಿದರು. ಒಳಗೆ ಕೂರಲು ಶಾಮಲಾ ಎಂಬ ಹುಡುಗಿ ಬಂದಳು. ವಡಾಲದಲ್ಲಿ ಮನೆ, ಬೆಂಗಳೂರು ಮೂಲದ ತಿಂಗಳ ಸಂಬಳದವರ ಮಗಳು. ಕಂಪ್ಯೂಟರ್ ಕೋರ್ಸು ಮುಗಿಸಿದ್ದಳು. ಶಾಮಣ್ಣನವರು ಯಂತ್ರಕ್ಕೆ ಕುಂಕುಮ ಹಚ್ಚಿದರು. ಒಳಗೆ ನೀರು ಬೀಳಬಾರದೆಂದು ಕಾಯನ್ನು ಹೊರಗಿನ ಮೆಟ್ಟಿಲಲ್ಲಿ ಅಣ್ಣು ಒಡೆದ.

ಆ ಯಂತ್ರ ನಮ್ಮ ಕೆಲಸದ ರೀತಿಯನ್ನೇ ತಿರುಗಿಸಿ ಹಾಕಿತು. ಮೊದಲು ಒಂದು ಟೆಂಡರ್ ಸಿದ್ಧವಾಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಸಿಮೆಂಟಿನ ದರ ಬದಲಾದರೆ ಅದು ಬರುವ ಪ್ರತಿಯೊಂದು ಬಾಬನ್ನೂ ಅಳಿಸಿ, ಮತ್ತೆ ಗುಣಿಸಿ, ಮತ್ತೆ ಟೈಪ್ ಮಾಡಬೇಕು. ಎಲ್ಲ ಮುಗಿದು ಸಹಿ ಬಿದ್ದ ಪ್ರತಿ ಒಂದೇ ಒಂದು. ಅದು ಹರಿದರೆ ಕಥೆ ಮುಗಿಯಿತು. ಈಗ ಶಾಮಲಾ ಒಂದು ಅಂಕಿ ಬದಲಿಸಿದರೆ ಕೊನೆಯ ಮೊತ್ತದವರೆಗೂ ಎಲ್ಲ ತಾನಾಗಿ ಬದಲಾಗುತ್ತಿತ್ತು. ಪ್ರಿಂಟರು ಕಿರ್ರೆಂದು ಕಿರುಚಿ, ಊಟದ ಬಿಡುವಿನಷ್ಟು ಹೊತ್ತಿನಲ್ಲಿ ಇಡೀ ಟೆಂಡರನ್ನು ಉಗುಳುತ್ತಿತ್ತು. ಟೈಪು ಮಾಡಿದ್ದರ ಬದಲು ಇಂಥ ಹಾಳೆ ಲಗತ್ತಿಸಬಹುದೆಂದು ಕಚೇರಿಗಳೂ ಒಪ್ಪತೊಡಗಿದ್ದವು.

ಇನ್ನು ಟೆಂಡರು ಫೋನಿನ ತಂತಿಯಲ್ಲೇ ಹೋಗುತ್ತದಂತೆ, ನಿನಗೆ ರಿಟೈರ್‌ಮೆಂಟು ಎಂದು ನಕ್ಷೆಯವರು ಅಣ್ಣುವನ್ನು ಕೆಣಕುತ್ತಿದ್ದರು.

“ಹೋಗ್ಲಿ ಮಾರಾಯ್ರೆ,” ಎಂದ ಅಣ್ಣು. “ತಂತಿಗೆ ಪೆಟ್ಟು ತಿನ್ಲಿಕ್ಕೆ ಬರ್ತದಾ ಕೇಳಿ.”

ಮರುವರ್ಷ ಸಾಂತಾಕ್ರೂಜ್ ಕಡೆ ಸರಕಾರಿ ನೌಕರರ ಮನೆಗಳ ಒಂದು ದೊಡ್ಡ ಕೆಲಸ ಹೊರಟಿತು. ನಮ್ಮ ಕಂಪನಿ ಅಷ್ಟು ದೊಡ್ಡದನ್ನು ಎಂದೂ ಮಾಡಿರಲಿಲ್ಲ. ಸಿಕ್ಕಿದರೆ ಕೇಶವಮೂರ್ತಿಯವರು ನೆಲೆ ನಿಲ್ಲುತ್ತಿದ್ದರು. ರಿಂಗು ಅದನ್ನು ತನ್ನವನೊಬ್ಬನಿಗೆ ಎಂದು ಮೊದಲೇ ಎತ್ತಿಟ್ಟಿತ್ತು.

ಟೆಂಡರಿನ ಹಿಂದಿನ ಸಂಜೆ ಅಣ್ಣು ವಾಸವಾಗಿದ್ದ ವಡಾಲದ ಚಾಳಿಗೆ ಅವನನ್ನು ಹುಡುಕಿಕೊಂಡು ಬಾಳ್ಯಾ ಬಂದ. ಗೇಟಿನಲ್ಲಿ ರಿಂಗಿನ ಜನರನ್ನು ನಿಲ್ಲಿಸುವವನು ಇವನೇ. ಒಂದು ಕಾಲಕ್ಕೆ ಮಿಲ್ಲಿನ ಮಗ್ಗದ ವಿಭಾಗದಲ್ಲಿ ಕೆಲಸಕ್ಕಿದ್ದವನು. ಅಣ್ಣು ಬಡಿಸಿದ ಅನ್ನವನ್ನು ವರ್ಷಗಟ್ಟಲೆ ಉಂಡವನು. ಮುಷ್ಕರದ ನಂತರ ಅವನಿಗೆ ಸಿಕ್ಕಿದ ಕೆಲಸ ಇದು. ಅಣ್ಣುವಿನ ಹೆಂಡತಿ ಸೇವಂತಿ ಕೊಟ್ಟ ಚಹಾವನ್ನು ಬಾಳ್ಯಾ ಬಾಗಿಲಲ್ಲೇ ನಿಂತು ಕುಡಿದ. ನಾಳೆ ಜ್ವರ ಬಂದಿದೆ ಎಂದು ಮಲಗಿಬಿಡು ಎಂದು ಅಣ್ಣುವಿಗೆ ಹಿಂದಿಯಲ್ಲಿ ಸಮಾಧಾನದಿಂದಲೇ ಹೇಳಿದ. ಈ ಸಲ ಬೆನ್ನಿಗೆ ಹೊಡೆದು ಬಿಡುವುದಿಲ್ಲ, ನೀನು ತೋಳು ಕಟ್ಟುವ ಆ ಕೈಯನ್ನೇ ತೆಗೆಯಬೇಕೆಂದು ಮಾತಾಗಿದೆ. ನಿನ್ನ ಕೈಯ ಊಟ ಉಂಡಿದ್ದೇನೆ, ಅದಕ್ಕೇ ಹೇಳಲು ಬಂದೆ ಎಂದ.

ಅವನು ಹೋದ ಮೇಲೆ ಸೇವಂತಿ ಜಗಳವಾಡಲಿಲ್ಲ. ಮಗಳು ವಸಂತಿಯ ತಲೆ ಬಾಚುತ್ತ, “ಅವರಿಗೆ ಬಿಲ್ಡಿಂಗ್ ಹೋದ್ರೆ ಇನ್ನೊಂದು ಬಿಲ್ಡಿಂಗ್ ಬರ್ತದೆ. ನಿಮಗೆ ಕೈ ಹೋದ್ರೆ?” ಎಂದು ಕೇಳಿದಳು.

ಬೆಳಿಗ್ಗೆ ಅವನು ಬಾಳ್ಯಾನ ಮಾತನ್ನೆಲ್ಲ ಕೇಶವಮೂರ್ತಿಯವರಿಗೆ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿದರು. ಇದೊಂದು ಸಲ ಹೋಗಿ ಬಾ, ಈ ಕೆಲಸ ಸಿಕ್ಕರೆ ಮುಂದೆ ನಿನ್ನನ್ನು ಗೇಟಿಗೆ ಕಳಿಸುವುದೇ ಇಲ್ಲ ಎಂದರು. ಎಲ್ಲರೆದುರು ಲಕೋಟೆಗೆ ಅರಗು ಹಾಕಿದರು. ಶಾಮಣ್ಣನವರು ಬೈರಾಸು ಹಿಡಿದು ಮುಂದೆ ಬಂದಾಗ, “ಕೊಡಿ, ಇವತ್ತು ನಾನೇ ಕಟ್ತೀನಿ” ಎಂದು ಇಸಿದುಕೊಂಡರು. ಅಣ್ಣುವಿನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದು ಗಂಟು ಬಿಗಿದರು. ಮಾಲೀಕರೇ ತನ್ನ ಬೆನ್ನಿಗೆ ಕೈ ಹಾಕಿದರೆಂದು ಅಣ್ಣುವಿನ ಮುಖ ಅರಳಿದ್ದನ್ನು ನಾವೆಲ್ಲ ನೋಡಿದೆವು.

ಅವನು ಮೆಟ್ಟಿಲಿಳಿದು ಹೋಗುತ್ತಿದ್ದಂತೆ ಕೇಶವಮೂರ್ತಿಯವರು ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪ್ರಿಂಟರು ಮತ್ತೆ ಕಿರುಚತೊಡಗಿತು. ಆಗ ಅದರ ಅರ್ಥ ನಮಗಾರಿಗೂ ಆಗಲಿಲ್ಲ.

ಟೆಂಡರ್ ಹಾಕಬೇಕಾಗಿದ್ದ ಸಾಂತಾಕ್ರೂಜಿನ ಸರಕಾರಿ ಕಚೇರಿಯ ಅಂಗಳದಲ್ಲಿ ಕಾಂಕ್ರೀಟಿನ ಬಲ ಪರೀಕ್ಷಿಸಲು ಬೇರೆ ಬೇರೆ ಸೈಟಿನಿಂದ ತಂದ ಚೌಕದ ದಿಮ್ಮಿಗಳನ್ನು ರಾಶಿ ಹಾಕಿದ್ದರು. ಒಂದೊಂದೂ ಮನುಷ್ಯನ ತಲೆಗಿಂತ ಭಾರ. ಅಣ್ಣು ತೋಳು ಕಟ್ಟಿಕೊಂಡು ಗೇಟು ದಾಟಿದ. ಮೊದಲ ಏಟು ಮಂದಕಿವಿಯ ಮೇಲೆ ಬಿತ್ತು. ನಂತರ ಮೊಣಕಾಲ ಹಿಂದೆ ಸಲಾಕೆ. ಅವನು ಕುಸಿದು ಎದ್ದ. ಮತ್ತೆ ಬಿದ್ದ, ಮತ್ತೆ ಎದ್ದ. ಸೈಕಲ್ ಚೈನು ಹಣೆಯ ಚರ್ಮವನ್ನು ಹುಬ್ಬಿನ ತನಕ ಬಿಡಿಸಿತು. ರಕ್ತದಲ್ಲಿ ಕಣ್ಣು ಕಾಣದೆ ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತತೊಡಗಿದಾಗ ಅವನನ್ನು ಕಾಲು ಹಿಡಿದು ಎಳೆದು ಕೆಡವಿದರು. ಒಬ್ಬ ಅವನ ಕುತ್ತಿಗೆಯ ಮೇಲೆ ಕುಳಿತ. ಇಬ್ಬರು ಎಳೆದರೂ ತೋಳು ಬಿಡಿಸಲಾಗಲಿಲ್ಲ.

“ಛೋಡ್ ದೇ ಅಣ್ಣಾ,” ಎಂದ ಬಾಳ್ಯಾ. “ಕಾಗಜ್ ಹೈ, ಛೋಡ್ ದೇ.”

ಬರೀ ಕಾಗದ, ಬಿಟ್ಟುಬಿಡು ಎಂದರೂ ಅಣ್ಣು ಬಿಡಲಿಲ್ಲ. ಬಾಳ್ಯಾನೇ ರಾಶಿಯಿಂದ ಒಂದು ದಿಮ್ಮಿ ಎತ್ತಿ ತಂದ. ಬೆರಳುಗಳು ಮೆಟ್ಟಿಲಿನ ಕಲ್ಲಿಗೆ ತಾಗುವಂತೆ ಅಣ್ಣುವನ್ನು ಮಗ್ಗುಲಿಗೆ ಹೊರಳಿಸಿ, ಮೊಣಕೈಯನ್ನು ಹಿಡಿದಿದ್ದ ಬಲಗೈಯ ಮೇಲೆ ಅದನ್ನು ಹಾಕಿದ. ಒಮ್ಮೆ ಸಾಲಲಿಲ್ಲ. ಎರಡನೆಯ ಸಲ ಹಾಕಿದಾಗ ಎಲುಬು ಮುರಿದ ಸದ್ದು ಎದುರಿನ ಚಹಾ ಅಂಗಡಿಯ ತನಕ ಕೇಳಿಸಿತಂತೆ. ಬೆರಳುಗಳ ಹಿಡಿತ ಬಿಟ್ಟಿತು. ಬ್ಲೇಡಿನಿಂದ ಬೈರಾಸನ್ನೂ ಅದರೊಂದಿಗೆ ಹೊಟ್ಟೆಯ ಚರ್ಮವನ್ನೂ ಕೊಯ್ದು ಲಕೋಟೆ ತೆಗೆದರು.

ರಿಂಗಿನ ಗುತ್ತಿಗೆದಾರನ ಗುಮಾಸ್ತನೊಬ್ಬ ಅಲ್ಲೇ ಇದ್ದ. ಅವನು ಮೊಹರು ಒಡೆದು ಹಾಳೆ ಬಿಡಿಸಿ ನೋಡಿದ. ನಂತರ ಗಟ್ಟಿಯಾಗಿ ಓದಿದ. ಸ್ಲ್ಯಾಬಿನ ಕಾಂಕ್ರೀಟು, ಒಂದು ರೂಪಾಯಿ. ಕಬ್ಬಿಣ, ಒಂದು ರೂಪಾಯಿ. ಇಟ್ಟಿಗೆ ಕೆಲಸ, ಒಂದು ರೂಪಾಯಿ. ಹಾಳೆಯ ಕೊನೆತನಕ ಹಾಗೇ. ಯಂತ್ರ ಸರಿಯಾಗಿ ಕೂಡುತ್ತದೆಯೇ ಎಂದು ನೋಡಲು ಶಾಮಲಾ ಹಿಂದೊಮ್ಮೆ ಎಲ್ಲಕ್ಕೂ ಒಂದೇ ಅಂಕಿ ಹಾಕಿ ತೆಗೆದ ಹಾಳೆಗಳು ಅವು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಬಾಳ್ಯಾ ನಗಲಿಲ್ಲ. ಬಗ್ಗಿ ಅಣ್ಣುವಿನ ಮುಖ ನೋಡಿ, ಇದಕ್ಕಾಗಿಯೇ ಕೈ ಕೊಟ್ಟೆಯಾ ಎಂದು ಕೇಳಿದ. ಅಣ್ಣುವಿಗೆ ಪ್ರಜ್ಞೆಯಿತ್ತು. ಓದಿದ್ದೆಲ್ಲ ಬಲಕಿವಿಗೆ ಕೇಳಿಸಿತ್ತು.

ನಿಜವಾದ ಟೆಂಡರು ಆಗಲೇ ಪೆಟ್ಟಿಗೆಯಲ್ಲಿತ್ತು. ಅಣ್ಣು ಬಸ್ಸಿಗೆ ಹೊರಟ ಮೇಲೆ ಅದನ್ನು ಮುದ್ರಿಸಿ, ಸಹಿ ಹಾಕಿ, ಶಾಮಲಾಳ ಕೈಯಲ್ಲಿ ಕೇಶವಮೂರ್ತಿಯವರು ಟ್ಯಾಕ್ಸಿಯಲ್ಲಿ ಕಳಿಸಿದ್ದರು. ಗೇಟಿನವರೆಲ್ಲ ಅಣ್ಣುವಿನ ಮೇಲೆ ಬಿದ್ದಿದ್ದಾಗ ಅವಳು ಊಟದ ಚೀಲ ಹಿಡಿದು, ಕಚೇರಿಯ ಯಾರೋ ಹೆಣ್ಣುಮಗಳಂತೆ, ಗೋಡೆಯ ಬದಿಯಿಂದ ಒಳಗೆ ಹೋಗಿದ್ದಳು. ಕೆಲಸ ನಮಗೆ ಸಿಕ್ಕಿತು. ಆಫೀಸಿನಲ್ಲಿ ಪೇಡಾ ಹಂಚಿದರು.

ಆಸ್ಪತ್ರೆಯಲ್ಲಿ ಅಣ್ಣುವಿನ ಎರಡು ಬೆರಳು ತೆಗೆದರು. ಉಳಿದವು ಮಡಚದೆ ಗಟ್ಟಿಯಾದವು. ಅವನನ್ನು ನೋಡಲು ಬಂದ ಶಾಮಲಾ ಮಂಚದ ಕಬ್ಬಿಣ ಹಿಡಿದು ಅತ್ತಳು. ಅಣ್ಣುವಿಗೆ ಎಲ್ಲ ಗೊತ್ತಿದೆ, ಎರಡು ಏಟು ತಿಂದು ಲಕೋಟೆ ಬಿಟ್ಟು ಬರುತ್ತಾನೆ ಎಂದು ಅವಳಿಗೆ ಹೇಳಿದ್ದರಂತೆ. ಸೇವಂತಿ ಅವಳಿಗೆ ಕುಡಿಯಲು ನೀರು ಕೊಟ್ಟಳು, ಬೈಯಲಿಲ್ಲ.

ಆಸ್ಪತ್ರೆಯ ಖರ್ಚನ್ನೆಲ್ಲ ಕಂಪನಿಯೇ ನೋಡಿಕೊಂಡಿತು. ಅಣ್ಣು ತಿರುಗಿ ಬಂದಾಗ ಅವನನ್ನು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಕೂರಿಸಿದರು. ಬಂದವರ ಚಪ್ಪಲಿ ಬಿಡಿಸುವುದು ಅವನ ಕೆಲಸ. ಕೇಶವಮೂರ್ತಿಯವರು ದಿನವೂ ಅವನ ಮುಂದೆಯೇ ಒಳಗೆ ಹೋಗಿ ಬರುತ್ತಿದ್ದರು. ಮಗಳ ಶಾಲೆಯ ಬಗ್ಗೆ ಕೇಳುತ್ತಿದ್ದರು, ಕೈ ನೋಯುತ್ತದೆಯೇ ಎಂದು ಕೇಳುತ್ತಿದ್ದರು. ಲಕೋಟೆಯ ವಿಷಯ ಎತ್ತಲೇ ಇಲ್ಲ. ಅವರು ಹೇಳುವುದನ್ನು ಅಣ್ಣು ಕಾಯುತ್ತಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಚಾಳಿನಲ್ಲಿ ಅವನು ಹೆಂಡತಿಗೆ ಹೇಳಿದ್ದೂ ಅಷ್ಟೇ: ಅವರು ಬಾಯಿ ಬಿಟ್ಟು ಒಂದು ಮಾತು ಹೇಳಲಿ, ನನಗೆ ಸಾಕು. ಮಳೆಗಾಲ ಹೋಗಿ ಇನ್ನೊಂದು ಮಳೆಗಾಲ ಬಂತು.

ತೊಂಬತ್ತೊಂದರ ಹೊತ್ತಿಗೆ ನಮ್ಮ ಕಂಪನಿ ದೊಡ್ಡದಾಗಿತ್ತು. ಹೊಡೆದು ನಿಲ್ಲಿಸಲಾಗದವನನ್ನು ರಿಂಗು ಒಳಗೆ ಸೇರಿಸಿಕೊಂಡಿತು. ಒಂದು ಮಧ್ಯಾಹ್ನ ರಿಂಗಿನ ಗುತ್ತಿಗೆದಾರರೆಲ್ಲ ಕಾರಿನಲ್ಲಿ ನಮ್ಮ ಆಫೀಸಿಗೇ ಬಂದರು. ಗೆಲ್ಲುವ ಟೆಂಡರು, ಸೋಲುವ ಟೆಂಡರುಗಳು ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುವಂತೆ ಒಂದೇ ಯಂತ್ರದಲ್ಲಿ ತೆಗೆಯಬೇಕೆಂದು ನಿಶ್ಚಯವಾಗಿತ್ತು. ಪ್ರತಿಯೊಬ್ಬರೂ ತಮ್ಮ ಕಂಪನಿಯ ಹೆಸರು ಅಚ್ಚಾದ ಖಾಲಿ ಹಾಳೆ ತಂದಿದ್ದರು. ಹಾಳೆಗಳ ಕಟ್ಟು ಹೊತ್ತುಕೊಂಡು ಹಿಂದೆ ಬಂದವನು ಬಾಳ್ಯಾ. ಅಣ್ಣು ಅವರ ಚಪ್ಪಲಿ ಬಿಡಿಸಿದ. ಬಾಳ್ಯಾ ಬಂದು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕುಳಿತು, ಆ ಕೈಯತ್ತ ಒಮ್ಮೆ ನೋಡಿ ಬೀಡಿ ಹಚ್ಚಿದ.

ಪ್ರಿಂಟರು ಒಂದರ ನಂತರ ಒಂದು ಕಂಪನಿಯ ಟೆಂಡರನ್ನು ಮುದ್ರಿಸತೊಡಗಿತು. ಕೇಶವಮೂರ್ತಿಯವರು ನಗುತ್ತ ಹೊರಗೆ ಬಂದು, ಎಲ್ಲ ಲಕೋಟೆಯನ್ನೂ ನಾಳೆ ಅಣ್ಣುವೇ ಒಯ್ಯಲಿ, ಈಗ ತಡೆಯುವವರು ಯಾರೂ ಇಲ್ಲವಲ್ಲ ಎಂದರು. ಒಳಗಿದ್ದವರು ನಕ್ಕರು.

ಅಣ್ಣು ಎದ್ದು ನಿಂತ.

“ಸಾರ್, ಆ ದಿವಸ ನನಗೆ ಯಾಕೆ ಹೇಳ್ಲಿಲ್ಲ?”

ಕೇಶವಮೂರ್ತಿಯವರು ಒಳಗಿದ್ದವರತ್ತ ನೋಡಿದರು. “ಈಗ ಯಾಕಪ್ಪ ಅದು? ಆಮೇಲೆ ಮಾತಾಡೋಣ.”

“ನೀವೇ ಗಂಟು ಹಾಕಿದ್ದು. ಹಾಕುವಾಗ ಗೊತ್ತಿತ್ತು ನಿಮಗೆ.”

“ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ ಅಣ್ಣು. ಅವರಿಗೆ ಅನುಮಾನ ಬರ್ತಿತ್ತು. ಅಷ್ಟು ಹೊತ್ತು ಹಿಡ್ಕೊಂಡಿರ್ತೀಯ ಅಂತ ಯಾರಿಗ್ಗೊತ್ತಿತ್ತು?”

“ಹೌದು, ಬಿಡ್ತಿದ್ದೆ,” ಎಂದ ಅಣ್ಣು. “ಕೈ ಉಳೀತಿತ್ತು.”

ಹೇಳಿ ಮುಗಿಸುತ್ತಲೇ ಎಡಗೈಯಿಂದ ಅವರ ಕೆನ್ನೆಗೆ ಹೊಡೆದ. ಇಷ್ಟು ವರ್ಷ ಪೆಟ್ಟು ತಿಂದವನು ಒಬ್ಬರ ಮೇಲೆ ಕೈ ಎತ್ತಿದ್ದು ಅದೇ ಮೊದಲು. ಕನ್ನಡಕ ಹಾರಿ ಗೋಡೆಗೆ ಬಿತ್ತು. ಕೇಶವಮೂರ್ತಿಯವರು ಹಿಂದಕ್ಕೆ ಮುಗ್ಗರಿಸಿ ಗಾಜಿನ ಗೋಡೆಯ ಮೇಲೆ ಬಿದ್ದರು. ಗಾಜು ಒಡೆದು ಅವರ ತೋಳಿನಿಂದ ರಕ್ತ ಚಿಮ್ಮಿತು. ಗುತ್ತಿಗೆದಾರರ ಡ್ರೈವರುಗಳು ಮೆಟ್ಟಿಲಿನಿಂದ ಓಡಿಬಂದರು. ಅವರ ಮೊದಲ ಏಟು ಅಣ್ಣುವಿನ ಮುರಿದ ಕೊರಳೆಲುಬಿನ ಮೇಲೆ ಬಿತ್ತು. ಈ ಸಲ ಅವನು ತೋಳು ಕಟ್ಟಲಿಲ್ಲ. ಒಬ್ಬನ ಮೂಗಿಗೆ ಗುದ್ದಿದ, ಇನ್ನೊಬ್ಬನನ್ನು ಬೆಂಚಿನೊಂದಿಗೆ ಉರುಳಿಸಿ ಹೊಟ್ಟೆಗೆ ಒದ್ದ. ಬಾಳ್ಯಾ ಬೀಡಿ ಎಸೆದು ಹಿಂದಿನಿಂದ ಅವನನ್ನು ತಬ್ಬಿ ಹಿಡಿದ. ಅಣ್ಣು ತಲೆಯನ್ನು ಹಿಂದಕ್ಕೆ ಬೀಸಿ ಹೊಡೆದ. ಬಾಳ್ಯಾನ ಹಲ್ಲು ನೆಲಕ್ಕೆ ಉದುರಿ ಗಾಜಿನ ಚೂರಿನೊಂದಿಗೆ ಬೆರೆತವು. ಅವನು ಬಾಯಿ ಮುಚ್ಚಿಕೊಂಡು ಕುಕ್ಕರಿಸಿದ. ಒಳಗೆ ಶಾಮಲಾ ಕುರ್ಚಿಯ ಹಿಂದೆ ನಿಂತಿದ್ದಳು. ಪ್ರಿಂಟರು ತನ್ನ ಪಾಡಿಗೆ ತಾನು ಹಾಳೆ ಉಗುಳುತ್ತಿತ್ತು.

ಪೊಲೀಸರನ್ನು ಕರೆಯಬೇಕೆಂದು ಯಾರೋ ಅಂದರು. ಆ ಕೋಣೆಯಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಪೊಲೀಸರನ್ನು ಕರೆಯುವಂತಿರಲಿಲ್ಲ. ತೋಳಿಗೆ ಕರವಸ್ತ್ರ ಒತ್ತಿ ಹಿಡಿದ ಕೇಶವಮೂರ್ತಿಯವರು, ಅವನನ್ನು ಹೋಗಲು ಬಿಡಿ ಎಂದರು. ತಪ್ಪಾಯಿತು ಎಂಬ ಮಾತು ಆಗಲೂ ಅವರ ಬಾಯಿಂದ ಬರಲಿಲ್ಲ. ಅಣ್ಣು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ.

ಮಾರನೆಯ ದಿನ ಲಕೋಟೆಗಳನ್ನು ಒಯ್ಯಲು ಬೇರೊಬ್ಬನನ್ನು ಕಳಿಸಿದರು. ಅವನು ಸಂಜೆಯೊಳಗೆ ಇಸ್ತ್ರಿ ಕೆಡದ ಶರ್ಟಿನಲ್ಲಿ ತಿರುಗಿ ಬಂದ. ಶಾಮಲಾ ಆ ತಿಂಗಳೇ ಕೆಲಸ ಬಿಟ್ಟಳು. ನಾನು ಇನ್ನೂ ಸ್ವಲ್ಪ ಕಾಲ ಅಲ್ಲೇ ಇದ್ದೆ.

ಈಗ ವಡಾಲ ಸ್ಟೇಷನ್ನಿನ ಹೊರಗೆ ಸೇವಂತಿ ಬೆಳಗಿನ ಹೊತ್ತು ಇಡ್ಲಿ, ನೀರುದೋಸೆ ಮಾಡಿ ಮಾರುತ್ತಾಳೆ. ತಟ್ಟೆ ಕೊಡುವವನು ಅಣ್ಣು. ಬಲಗೈಯಲ್ಲಿ ತಟ್ಟೆ ನಿಲ್ಲುವುದಿಲ್ಲ. ನಮ್ಮ ಜನಕ್ಕೆ ಎಡಗೈಯಿಂದ ಅನ್ನ ಕೊಟ್ಟರೆ ಸರಿಬರುವುದಿಲ್ಲವಲ್ಲ, ಹೊಸದಾಗಿ ಬಂದವರು ಮುಖ ಸಿಂಡರಿಸುತ್ತಾರೆ, ಕೆಲವರು ಬಾಯಿಬಿಟ್ಟು ಅಂದೂಬಿಡುತ್ತಾರೆ. ಅಣ್ಣು ಕಾರಣ ಹೇಳಲು ಹೋಗುವುದಿಲ್ಲ, ಬಲಗೈಯನ್ನು ಎತ್ತಿ ತೋರಿಸುವುದೂ ಇಲ್ಲ. ಎಡಗೈಯಲ್ಲಿ ತಟ್ಟೆಯನ್ನು ಅವರ ಮುಂದೆ ಹಿಡಿದು ನಿಂತಿರುತ್ತಾನೆ. ಲೋಕಲ್ಲಿಗೆ ಹೊತ್ತಾಗುತ್ತದೆ, ಹೊಟ್ಟೆ ಹಸಿದಿರುತ್ತದೆ. ಅವರು ತೆಗೆದುಕೊಳ್ಳುತ್ತಾರೆ.